ನೀನು ನೋಡಲೇಬೇಕಾದ ಸಿನಿಮಾ

ಸೇಜ್ ಹಾಲೋ, ಯೂಟಾ
೨೧ ಅಕ್ಟೋಬರ್ ೧೯೯೪, ಶುಕ್ರವಾರ ಬೆಳಿಗ್ಗೆ

ಶಾರ್ಲೀನ್ ಮರಿ,

ಲಕೋಟೆ ದಪ್ಪಗಿದೆ ಎಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಒಳಗೊಂದು ವಿಡಿಯೋ ಕ್ಯಾಸೆಟ್ ಇಟ್ಟಿದ್ದೇನೆ, ಅಷ್ಟೆ. ಪೋರ್ಟ್‌ಲೆಂಡಿನ ಹೊಸ ಮನೆಯಲ್ಲಿ ಟೀವಿ ಜೋಡಿಸಿಯಾಗಿದ್ದರೆ ಕೈಗೆ ಸಿಕ್ಕಿದ ದಿನವೇ ಹಾಕಿಕೊಂಡು ನೋಡು. ಹಾಕಿದ ಮೇಲೆ ನಡುವೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಾ ನಿಲ್ಲಬಾರದು. ನಿನ್ನ ಬುದ್ಧಿ ನನಗೆ ಗೊತ್ತಿಲ್ಲದ್ದೇ?

ಇದು ನಮ್ಮ ಹಿರಿಯರ ಸಿನಿಮಾ. ಎತ್ತು, ಕುದುರೆ ಕೊಳ್ಳಲು ಗತಿಯಿಲ್ಲದೆ ಕೈಗಾಡಿಗಳಲ್ಲಿ ಗಂಟುಮೂಟೆ ಹೇರಿ, ತಾವೇ ನೊಗಕ್ಕೆ ಹೆಗಲು ಕೊಟ್ಟು, ಬಯಲು ದಾಟಿ ಈ ಕಣಿವೆಗೆ ಬಂದ ಮಾರ್ಮನ್ ಮಂದಿಯ ಕಥೆ. "ಅಯ್ಯೋ ಅಮ್ಮಾ, ಮತ್ತೆ ಅದೇನಾ" ಎಂದು ನೀನು ಹಣೆ ಚಚ್ಚಿಕೊಳ್ಳುವುದು ಇಲ್ಲಿಗೇ ಕಾಣುತ್ತಿದೆ. ನೀನು ಚರ್ಚು ಬಿಟ್ಟು ಎಷ್ಟೋ ವರ್ಷವಾಯಿತು. ನಿನ್ನನ್ನು ವಾಪಸು ಎಳೆದುಕೊಳ್ಳಲೆಂದು ಇದನ್ನು ಕಳಿಸುತ್ತಿಲ್ಲ. ನಂಬಿಕೆ ಇರಲಿ, ಬಿಡಲಿ, ನೋಡಿದರೆ ಮನಸ್ಸು ಹಗುರವಾಗುತ್ತದೆ. ಬೈಗುಳವಿಲ್ಲ, ಬಟ್ಟೆ ಬಿಚ್ಚುವುದಿಲ್ಲ, ಕೊನೆಗೆ ಎಲ್ಲ ಒಳ್ಳೆಯದಾಗುತ್ತದೆ. ಈಗಿನ ಕಾಲದಲ್ಲಿ ಅಂಥವು ಎಷ್ಟು ಬರುತ್ತವೆ ಹೇಳು.

"ಇದನ್ನ ಫೋನಲ್ಲೇ ಹೇಳಬಹುದಿತ್ತಲ್ಲ" ಎನ್ನುತ್ತೀ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಕಳೆದ ತಿಂಗಳು ಚರ್ಚಿನ ಹಾಲಿನಲ್ಲಿ, ಬಾಸ್ಕೆಟ್‌ಬಾಲ್ ಬುಟ್ಟಿಯನ್ನು ಮೇಲಕ್ಕೆ ಮಡಚಿ ಅದರ ಕೆಳಗೆ ಪರದೆ ಕಟ್ಟಿ ತೋರಿಸಿದರು. ಊರಿಗೆ ಊರೇ ಬಂದಿತ್ತು. ನನ್ನ ಗೆಳತಿ ಮಾರ್ವಾ ಎಂದಿನಂತೆ ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ ತಂದಿದ್ದಳು. ಎಂದಿನಂತೆ ಅದನ್ನು ಯಾರೂ ಮುಟ್ಟದೆ, ಅದು ಅವಳ ಜತೆಗೇ ಮನೆಗೆ ಹೋಯಿತು. ನಿನ್ನಪ್ಪ ಮೊದಲ ಹಾಡಿಗೇ ಅಳಲು ಶುರು ಮಾಡಿದರು. ಅಳುವುದಕ್ಕೆ ಕಾರಣವೂ ಇತ್ತು ಅನ್ನು. ಪ್ರೊವೊ ಪಟ್ಟಣದ ಹುಡುಗರು ಈ ಸಿನಿಮಾ ತೆಗೆಯುವ ಮೊದಲು ಹಳೆಯ ಮನೆತನಗಳಿಂದ ಕಥೆಗಳನ್ನು ಬರೆಸಿ ತರಿಸಿಕೊಂಡಿದ್ದರು. ನಿನ್ನಪ್ಪ ಮಾರೆನ್ ಕಥೆ ಕಳಿಸಿದ್ದರು. ಅವರು ಅದನ್ನೇ ಆರಿಸಿಕೊಂಡಿದ್ದಾರೆ!

ಮಾರೆನ್ ಯಾರೆಂದು ನಿನಗೆ ಹೇಳಿಕೊಡಬೇಕೇ? ನಿನ್ನಪ್ಪನ ಮುತ್ತಜ್ಜಿಯ ಅಕ್ಕ. ಡೆನ್ಮಾರ್ಕಿನಿಂದ ಅಪ್ಪ, ಅಮ್ಮ, ಪುಟ್ಟ ತಂಗಿಯ ಜತೆ ಹೊರಟ ಹದಿನಾಲ್ಕರ ಹುಡುಗಿ. ಪ್ರತಿ ಜುಲೈ ಇಪ್ಪತ್ನಾಲ್ಕರಂದು ಹಿರಿಯರ ದಿನದ ಮೆರವಣಿಗೆ ಮುಗಿದು, ಎಲ್ಲರೂ ನೆರಳಲ್ಲಿ ಕಲ್ಲಂಗಡಿ ತಿನ್ನುತ್ತಾ ಕೂತಾಗ ನಿನ್ನಪ್ಪ ಅವಳ ಕಥೆ ಹೇಳುತ್ತಿದ್ದರು. ಕಥೆ ಮುಗಿದಾಗಲೆಲ್ಲ ನೀನು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಅವಳ ಅಮ್ಮ ಎಲ್ಲಿದ್ಲು?" ನಿನ್ನಪ್ಪನಿಗೆ ರೇಗುತ್ತಿತ್ತು. ಸಿನಿಮಾದವರು ಆ ಕಥೆಯ ಕೊನೆಯನ್ನು ಸ್ವಲ್ಪ ಬದಲಾಯಿಸಿದ್ದಾರೆ. ಹಿಮದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಕಣಿವೆಯಿಂದ ಬಂಡಿಗಳು ಬರುತ್ತವೆ, ಕಂಬಳಿಯಲ್ಲಿ ಸುತ್ತಿದ್ದ ಮಾರೆನ್ ಕಣ್ಣು ಬಿಟ್ಟು ಅಮ್ಮನ ಕಡೆ ನೋಡುತ್ತಾಳೆ. ಹಾಲಿನಲ್ಲಿ ಮೂಗೊರೆಸಿಕೊಳ್ಳುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಒಂದು ದೃಶ್ಯ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಹೊರಡುವ ಮೊದಲು ನದಿ ದಂಡೆಯ ಮೇಲೆ ಸಭೆ ಸೇರುತ್ತದೆ. ಒಬ್ಬ ಎದ್ದು ನಿಂತು, ತಡವಾಗಿದೆ, ಈಗ ಹೊರಟರೆ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಿಹಾಕಿಕೊಳ್ಳುತ್ತೇವೆ, ಚಳಿಗಾಲವನ್ನು ಇಲ್ಲೇ ಕಳೆಯೋಣ ಎನ್ನುತ್ತಾನೆ. ಹೊರಡೋಣ ಎನ್ನುವವರು ಬಲಗೈ ಎತ್ತಿ ಎಂದಾಗ ಉಳಿದವರೆಲ್ಲರ ಕೈಯೂ ಏಳುತ್ತದೆ, ವಾದ್ಯಗಳು ಮೊಳಗುತ್ತವೆ. ನಿನ್ನಪ್ಪ ನನ್ನ ಕಿವಿಯಲ್ಲಿ "ಎಲ್ಲಾ ಕಡೆ ಇಂಥವನೊಬ್ಬ ಇರ್ತಾನೆ ನೋಡು" ಎಂದರು. ಆಮೇಲೆ ಸಿನಿಮಾದಲ್ಲಿ ಅವನು ಕಾಣಿಸಿಕೊಳ್ಳುವುದೇ ಇಲ್ಲ. ಹಿಮದ ದೃಶ್ಯಗಳಲ್ಲಿ ಎಲ್ಲರೂ ಮಾರೆನ್‌ಳನ್ನು ನೋಡುತ್ತಿದ್ದರೆ ನಾನು ಗುಂಪಿನೊಳಗೆ ಅವನ ಮುಖ ಹುಡುಕುತ್ತಿದ್ದೆ. ನಿನ್ನ ಕಣ್ಣಿಗೆ ಬಿದ್ದರೆ ನನಗೆ ಬರೆ.

ಬ್ರಿನ್ ನಮ್ಮಿಬ್ಬರ ನಡುವೆ ಕೂತಿದ್ದಳು. ಮನೆ, ಕೆಲಸ ಎರಡನ್ನೂ ಬದಲಾಯಿಸುವ ಗಡಿಬಿಡಿಯಲ್ಲಿ ನೀನು ಅವಳನ್ನು ಕ್ರಿಸ್ಮಸ್‌ವರೆಗೆ ನಮ್ಮಲ್ಲಿ ಬಿಟ್ಟು ಹೋದೆಯಲ್ಲ, ಅವತ್ತಿನಿಂದ ನಿನ್ನ ಮಗಳು ತುಟಿ ಬಿಚ್ಚಿದ್ದೇ ಅಪರೂಪ. ಸ್ಕೂಲಿನಿಂದ ಬಂದವಳೇ ನೀನು ಕೊಡಿಸಿದ ನೀಲಿ ಕೋಟು ತೊಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಸಿನಿಮಾ ಮುಗಿದ ಮೇಲೆ ಊರಿನ ಹುಡುಗಿಯರು ಅವಳನ್ನು ಸುತ್ತಿಕೊಂಡರು. "ಮಾರೆನ್ ನಿಮ್ಮ ಮನೆಯವಳಂತೆ, ಹೌದಾ?" ಎಂದು ಒಬ್ಬಳು, "ನಿನ್ನ ಮೂಗೂ ಅವಳ ಥರಾನೇ ಇದೆ" ಎಂದು ಇನ್ನೊಬ್ಬಳು. ಕಾರಿನಲ್ಲಿ ಬರುವಾಗ ಬ್ರಿನ್ ನನ್ನ ಕೈ ಹಿಡಿದುಕೊಂಡು, "ಅಜ್ಜಿ, ಇಷ್ಟು ದಿನ ಅಮ್ಮ ನಂಗೆ ಇದನ್ನೆಲ್ಲ ಯಾಕೆ ಹೇಳ್ಲೇ ಇಲ್ಲ?" ಎಂದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಆ ಸಂತೋಷದಲ್ಲಿ ನಾನು ಮುಂದಿನದನ್ನು ಯೋಚಿಸಲಿಲ್ಲ.

ಒಂದು ಸಿನಿಮಾ ನೋಡು ಎನ್ನಲು ಅಮ್ಮ ಇಷ್ಟು ಪುಟ ಬರೆಯುವವಳಲ್ಲ ಎಂದು ಇಷ್ಟು ಹೊತ್ತಿಗೆ ನೀನು ಊಹಿಸಿರುತ್ತೀ. ಸರಿ, ಹೇಳುತ್ತೇನೆ, ಕೂತುಕೊಂಡು ಓದು. ಬ್ರಿನ್ ಮನೆಯಲ್ಲಿಲ್ಲ. ನಿನ್ನಪ್ಪನ ಜತೆ, ಊರಿನ ಹುಡುಗ ಹುಡುಗಿಯರ ಜತೆ ಕೈಗಾಡಿ ಎಳೆಯಲು ಬೆಟ್ಟಕ್ಕೆ ಹೋಗಿದ್ದಾಳೆ. ನಿನ್ನೆ ಬೆಳಿಗ್ಗೆ ಹೊರಟರು, ನಾಳೆ ಸಂಜೆ ಬರುತ್ತಾರೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಅವಳು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಹೀಗಾಯಿತು ಹಾಗಾಯಿತು ಎಂದು ನನ್ನ ತಲೆ ತಿನ್ನುತ್ತಿರುತ್ತಾಳೆ.

ನೀನು ಹೇಳಿ ಹೋದದ್ದು ನನಗೆ ನೆನಪಿದೆ. ಬಾಗಿಲಲ್ಲಿ ನಿಂತು, ಕಾರಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ನೀನಂದ ಮಾತು ಹೀಗಿತ್ತು: "ಭಾನುವಾರ ಚರ್ಚಿಗೆ ಬೇಕಾದ್ರೆ ಕರ್ಕೊಂಡು ಹೋಗಮ್ಮ, ನಾನು ಬೇಡ ಅನ್ನಲ್ಲ. ಆದ್ರೆ ಅಪ್ಪನ ಯಾವ ಸಾಹಸಕ್ಕೂ ನನ್ನ ಕೇಳ್ದೆ ಅವಳನ್ನ ಕಳಿಸ್ಬೇಡ. ಚಳಿಗೆ ಅವಳಿಗೆ ಉಬ್ಬಸ ಏಳುತ್ತೆ. ಎದ್ದಾಗ ಹೇಗಿರುತ್ತೆ ಅಂತ ನೀನು ನೋಡಿಲ್ಲ." ನಾನು ಹೂಂ ಎಂದಿದ್ದೆ. ಈಗ ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ.

ಹೇಗಾಯಿತೆಂದರೆ, ಸಿನಿಮಾ ತೋರಿಸಿದ ಮುಂದಿನ ಉಪವಾಸದ ಭಾನುವಾರ ನಿನ್ನಪ್ಪ ಸಭೆಯಲ್ಲಿ ಎದ್ದು ನಿಂತರು. ಯಾರು ಬೇಕಾದರೂ ಎದ್ದು ಮನಸ್ಸಿನಲ್ಲಿದ್ದದ್ದು ಹೇಳಬಹುದಾದ ದಿನ ತಾನೇ ಅದು. ಕರವಸ್ತ್ರ ಹಿಂಡಿ ಹಿಂಡಿ, ನಮ್ಮ ಮಕ್ಕಳು ಹಿರಿಯರ ಹೆಜ್ಜೆಯಲ್ಲಿ ನಡೆಯಬೇಕು, ನಾನೇ ಮುಂದೆ ನಿಂತು ನಡೆಸುತ್ತೇನೆ ಎಂದರು. ಬೇರೆ ಊರಿನವರು ಇಂಥ ಗಾಡಿಯಾತ್ರೆಯನ್ನು ಜೂನಿನಲ್ಲಿ ಮಾಡುತ್ತಾರೆ, ಚರ್ಚಿನ ಮೇಲಿನವರೂ ಬೇಸಿಗೆಯಲ್ಲೇ ಮಾಡಿ ಎಂದಿದ್ದಾರೆ. ನಿನ್ನಪ್ಪನಿಗೆ ಅದು ರುಚಿಸಲಿಲ್ಲ. ಅಕ್ಟೋಬರಿನಲ್ಲಿ, ಜಿಂಕೆ ಬೇಟೆಯ ರಜೆಯಲ್ಲೇ ಆಗಬೇಕೆಂದು ಹಿಡಿದು ಕೂತರು. ನಮ್ಮ ಬಿಷಪ್ ವಾರವೆಲ್ಲ ಟೈರ್ ಅಂಗಡಿ ನಡೆಸುವ ಸಾಧು ಮನುಷ್ಯ, ನಿನ್ನಪ್ಪನ ಕಣ್ಣೀರಿನ ಮುಂದೆ ಅವರ ಬಾಯಿ ಕಟ್ಟಿತು. ಬೆಂಬಲಿಸುವವರು ಬಲಗೈ ಎತ್ತಿ ಎಂದರು, ಎಲ್ಲರೂ ಎತ್ತಿದೆವು. ಒಪ್ಪಿಗೆ ಇಲ್ಲದವರು ಎತ್ತಿ ಎಂದೂ ಕೇಳಿದರು. ಆ ಪ್ರಶ್ನೆಗೆ ಕೈ ಎತ್ತಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಬಿಷಪ್ ಕೂಡ ಉತ್ತರಕ್ಕೆ ಕಾಯದೆ ಮುಂದಿನ ಹಾಡಿನ ನಂಬರು ಹೇಳಿದರು.

ಮಾರ್ವಾ ಮಾತ್ರ ಹೊರಗೆ ಕಾರಿಡಾರಿನಲ್ಲಿ ನಿನ್ನಪ್ಪನನ್ನು ಹಿಡಿದಳು.

"ಅಲ್ಲಪ್ಪಾ ವೆರ್ಲ್, ಜೂನ್‌ನಲ್ಲಿ ಹೋದ್ರೆ ಸ್ವರ್ಗದಲ್ಲಿ ಒಳಗೆ ಬಿಡಲ್ವಂತಾ?"

"ಜೂನ್‌ನಲ್ಲಿ ಹೋದ್ರೆ ಅದು ಪಿಕ್ನಿಕ್ಕು ಮಾರ್ವಾ. ಮಕ್ಕಳಿಗೆ ಗೊತ್ತಾಗ್ಲಿ, ನಮ್ಮೋರು ಬಂದದ್ದು ಅಕ್ಟೋಬರ್‌ನಲ್ಲಿ."

"ಬೇಕೂಂತ ಬಂದ್ರಾ? ತಡವಾಗಿ ಹೊರಟು ಸಿಕ್ಕಾಕ್ಕೊಂಡ್ರು. ಅವರ ಕೈಲಿದ್ದಿದ್ರೆ ಅವರೂ ಜೂನ್‌ನಲ್ಲೇ ಬರ್ತಿದ್ರು."

ಸುತ್ತ ನಿಂತವರು ನಕ್ಕರು, ನಿನ್ನಪ್ಪನೂ ನಕ್ಕರು. ಒಳಗೆ ಕೈ ಯಾಕೆ ಎತ್ತಿದೆ ಎಂದು ನಾನು ಮಾರ್ವಾಳನ್ನು ಕೇಳಿದೆ. "ಎಲ್ಲರೂ ಎತ್ತಿದ್ರಲ್ಲ ಕಣೆ, ಅಭ್ಯಾಸಬಲ" ಎಂದಳು.

ಬ್ರಿನ್ ಅವತ್ತೇ ಹೆಸರು ಕೊಟ್ಟುಬಿಟ್ಟಳು. ಅಮ್ಮನಿಗೆ ಒಂದು ಮಾತು ಹೇಳೋಣ ಎಂದು ನಾನು ಫೋನಿಗೆ ಕೈ ಹಾಕಿದೆ, ಸುಳ್ಳು ಹೇಳುತ್ತಿಲ್ಲ. ಅವಳು ಬಂದು ಫೋನಿನ ಮೇಲೆ ಅಂಗೈ ಒತ್ತಿ ಹಿಡಿದಳು. "ಅಜ್ಜಿ, ಪ್ಲೀಸ್. ಕೇಳಿದ್ರೆ ಅಮ್ಮ ಬೇಡ ಅಂತಾಳೆ. ಇಲ್ಲಿ ನಂಗೆ ಫ್ರೆಂಡ್ಸ್ ಸಿಕ್ಕಿದ್ದು ಇದೇ ಮೊದಲು. ಬಂದ್ಮೇಲೆ ನಾನೇ ಹೇಳ್ತೀನಿ, ನೀನು ಬೈಸ್ಕೋಬೇಕಾಗಿಲ್ಲ." ನಾನು ನಿನ್ನಪ್ಪನ ಮುಖ ನೋಡಿದೆ. "ಹೋಗಿ ಬರ್ಲಿ ಬಿಡು ಆರ್ಡೆತ್, ನಾನಿಲ್ವಾ?" ಎಂದರು. ಅಷ್ಟು ಸಾಕಾಯಿತು ನನಗೆ.

ಆಮೇಲೆ ನನಗೂ ಹುರುಪು ಬಂತು ಅನ್ನು. ಉದ್ದ ಲಂಗ, ಏಪ್ರನ್, ಮುಖಕ್ಕೆ ನೆರಳಾಗುವ ಟೊಪ್ಪಿಗೆ ಎಲ್ಲ ನಾನೇ ಕೂತು ಹೊಲಿದೆ. ಉಬ್ಬಸದ ಪಂಪು ಇಟ್ಟುಕೊಳ್ಳಲೆಂದೇ ಏಪ್ರನ್ನಿಗೆ ಒಳಜೇಬು ಇಟ್ಟೆ, ಅಷ್ಟರ ಮಟ್ಟಿಗೆ ನಾನು ಅಜಾಗರೂಕಳಲ್ಲ. ಮಕ್ಕಳ ಕೊರಳಿಗೆ ಕಟ್ಟುವ ಚೀಟಿಗಳನ್ನು ಬರೆಯುವ ಕೆಲಸವೂ ನನಗೇ ಬಂತು. ನಿನ್ನ ಕಾಲದಲ್ಲಿ ಈ ಪದ್ಧತಿ ಇರಲಿಲ್ಲ. ಈಗ ಪ್ರತಿ ಮಗುವೂ ಆ ಕಾಲದಲ್ಲಿ ನಿಜವಾಗಿ ನಡೆದ ಒಬ್ಬರ ಹೆಸರು ಹೊತ್ತು ನಡೆಯಬೇಕು. ಮೇಲೆ ಹೆಸರು, ವಯಸ್ಸು ಇರುತ್ತದೆ. ಆ ಮನುಷ್ಯ ಕಣಿವೆ ತಲುಪಿದನೋ, ದಾರಿಯಲ್ಲೇ ತೀರಿಕೊಂಡನೋ ಎಂಬುದನ್ನು ಒಳಗೆ ಬರೆದು, ಮಡಚಿ ಅಂಟಿಸಿರುತ್ತಾರೆ. ಕೊನೆಯ ರಾತ್ರಿಯ ಬಿಡಾರದಲ್ಲಿ, ಎಂದರೆ ಈ ದಿನ ಸಂಜೆ, ಬೆಂಕಿಯ ಸುತ್ತ ಕೂತು ಎಲ್ಲರೂ ಬಿಡಿಸಿ ಓದುತ್ತಾರೆ. ಬ್ರಿನ್‌ಗೆ ನಾನು ಒಳ್ಳೆಯ ಹೆಸರನ್ನೇ ಕೊಟ್ಟಿದ್ದೇನೆ.

ಹವೆ ಚೆನ್ನಾಗಿರಲೆಂದು ಊರಿನವರೆಲ್ಲ ಸೇರಿ ಇನ್ನೊಂದು ಉಪವಾಸ ಮಾಡಿದೆವು. ನಿನ್ನೆ ಬೆಳಿಗ್ಗೆ ನೋಡಬೇಕಿತ್ತು, ಆಗಸ್ಟ್ ತಿಂಗಳ ಬಿಸಿಲು. ನಿನ್ನಪ್ಪ ಆಕಾಶ ತೋರಿಸಿ, "ಈಗೇನಂತೀಯ?" ಎಂದು ಮಾರ್ವಾಳನ್ನು ಕಿಚಾಯಿಸಿದರು. ಗಾಡಿಗಳು ಬೆಟ್ಟದ ದಾರಿ ಹಿಡಿದು ತಿರುಗುವವರೆಗೂ ಬ್ರಿನ್ ಟೊಪ್ಪಿಗೆ ಕಳಚಿ ನನ್ನ ಕಡೆ ಬೀಸುತ್ತಲೇ ಇದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಒಲೆಯ ಮೇಲೆ ಸೇಬಿನ ಜಾಮ್ ಇದೆ, ತಳ ಹಿಡಿಯುತ್ತಿರುವ ವಾಸನೆ ಬರುತ್ತಿದೆ. ಕೈಯಾಡಿಸಿ ಬರುತ್ತೇನೆ.

ಮಧ್ಯಾಹ್ನ

ಜಾಮ್ ಬಾಟಲಿಗೆ ತುಂಬಿ, ಊಟ ಮಾಡಿ ಮತ್ತೆ ಕೂತಿದ್ದೇನೆ. ಸೆಕೆಯಿದೆ ಎಂದು ಬೆಳಿಗ್ಗೆ ತೆರೆದಿಟ್ಟಿದ್ದ ಕಿಟಕಿಯನ್ನು ಮುಚ್ಚಬೇಕಾಯಿತು, ಗಾಳಿ ಉತ್ತರಕ್ಕೆ ತಿರುಗಿದೆ. ಬೆಟ್ಟದ ನೆತ್ತಿ ಕಾಣುತ್ತಿಲ್ಲ. ಮೋಡ ಅಷ್ಟೆ. ಅಕ್ಟೋಬರಿನಲ್ಲಿ ಮೋಡ ಕವಿಯದೆ ಇರುತ್ತದೆಯೇ?

ಟ್ರಕ್ಕು ಜತೆಗಿಲ್ಲವೇ ಎಂದು ನೀನು ಕೇಳುತ್ತೀ. ಇದೆ. ಡೇರೆ, ಕಂಬಳಿ, ರಗ್ಗು ಎಲ್ಲ ಅದರಲ್ಲೇ ಇವೆ. ಅದು ಕೆಳಗಿನ ರಸ್ತೆಯಲ್ಲಿ ಬಳಸಿಕೊಂಡು ಹೋಗಿ ಕೊನೆಯ ಬಿಡಾರದಲ್ಲಿ ಅವರಿಗಾಗಿ ಕಾಯುತ್ತಿರುತ್ತದೆ. ಹಿಂದೆಯೇ ಟ್ರಕ್ಕು ಬಂದರೆ ಮಕ್ಕಳಿಗೆ ಏನೂ ನಾಟುವುದಿಲ್ಲ ಎಂದು ನಿನ್ನಪ್ಪ ಹಾಗೆ ಮಾಡಿಸಿದರು. ನಿನ್ನೆ ರಾತ್ರಿಗೆ ತಲೆಗೊಂದು ತೆಳು ಹೊದಿಕೆ ಗಾಡಿಯಲ್ಲೇ ಇತ್ತು. ಗಂಡಸರೂ ಸಾಕಷ್ಟು ಸಿಗಲಿಲ್ಲ. ನಾಳೆ ಬೇಟೆ ಶುರುವಲ್ಲವೇ, ಬಂದೂಕು ಎತ್ತಬಲ್ಲವರೆಲ್ಲ ನಿನ್ನೆಯೇ ಡೇರೆ ಹೊತ್ತು ಬೆಟ್ಟದ ಆಚೆ ಮಗ್ಗುಲಿಗೆ ಹೋಗಿದ್ದಾರೆ. ನಿನ್ನಪ್ಪ, ಬಿಷಪ್ಪರ ತಮ್ಮ, ಆ ತಮ್ಮನ ಹೆಂಡತಿ, ಇಷ್ಟೇ ಹಿರಿಯರು. ನಾನು ಮೊಣಕಾಲಿನ ನೆಪ ಹೇಳಿ ಉಳಿದೆ.

ಇನ್ನೊಂದು ಹೇಳಿಬಿಡುತ್ತೇನೆ. ಈ ದಿನ ಊಟವಾದ ಮೇಲೆ ಹುಡುಗಿಯರ ಸರದಿ. ದಾರಿಯಲ್ಲಿ ಎಲ್ಲಕ್ಕಿಂತ ಕಡಿದಾದ ಏರು ಬಂದಾಗ ಗಂಡಸರನ್ನೂ ಹುಡುಗರನ್ನೂ ಮೇಲೆ ಕರೆದು ಸುಮ್ಮನೆ ನಿಲ್ಲಿಸುತ್ತಾರೆ. ಅವರು ಕೈಕಟ್ಟಿ ನೋಡುತ್ತಿರಬೇಕು, ಹುಡುಗಿಯರು ತಾವೇ ಗಾಡಿ ಎಳೆದು ಏರು ಹತ್ತಬೇಕು. ಅಂದು ಗಂಡ ಸತ್ತ ಹೆಂಗಸರು ಎಳೆದದ್ದರ ನೆನಪಿಗೆ. ಬ್ರಿನ್ ಇದಕ್ಕಾಗಿ ವಾರವಿಡೀ ಹಿಟ್ಟಿನ ಮೂಟೆ ಎತ್ತಿ ಎತ್ತಿ ಅಭ್ಯಾಸ ಮಾಡಿದ್ದಳು. ಈಗ ಅವರು ಆ ಏರಿನ ಬುಡದಲ್ಲಿ ಇರಬಹುದು.

ಬಾಗಿಲು ತಟ್ಟುತ್ತಿದ್ದಾರೆ.

ಅದೇ ಮಧ್ಯಾಹ್ನ, ಸ್ವಲ್ಪ ಹೊತ್ತಿನ ನಂತರ

ಬಂದವಳು ಮಾರ್ವಾ. ಚಪ್ಪಲಿಯಲ್ಲೇ ಓಡಿ ಬಂದಿದ್ದಳು. ಒಳಗೆ ಬಂದು ಕೂರಲಿಲ್ಲ.

"ನಿನ್ನ ಗಂಡ ಇಷ್ಟೊತ್ತಿಗೆ ಎಲ್ಲಿರ್ತಾನೆ ಆರ್ಡೆತ್?"

"ಮೇಲಿನ ಹುಲ್ಲುಗಾವಲು ದಾಟಿರ್ತಾರೆ. ಯಾಕೆ?"

"ನನ್ನ ಮಗ ಬೇಟೆ ಕ್ಯಾಂಪು ಕಿತ್ಕೊಂಡು ಇಳಿದು ಬಂದ. ಜಿಂಕೆ ಬಿಟ್ಟು ಬರೋ ಪೈಕಿ ಅಲ್ಲ ಅವನು, ನಿಂಗೇ ಗೊತ್ತು. ಬೆಳಿಗ್ಗೆಯಿಂದ ಮೇಲೆ ಹಿಮ ಸುರೀತಾ ಇದೆಯಂತೆ. ಎದುರಿಗೆ ನಿಂತವರ ಮುಖ ಕಾಣಲ್ವಂತೆ ಕಣೆ. ಟೈರಿಗೆ ಸರಪಳಿ ಕಟ್ಕೊಂಡು ತೆವಳಿಕೊಂಡು ಬಂದಿದ್ದಾನೆ."

"ವೆರ್ಲ್ ಇದ್ದಾರಲ್ಲ. ಈ ಬೆಟ್ಟದಲ್ಲೇ ಹುಟ್ಟಿ ಬೆಳೆದವರು."

"ಅದೇ ನಂಗೆ ಭಯ. ಹೊಸಬನಾಗಿದ್ರೆ ಇಷ್ಟೊತ್ತಿಗೆ ವಾಪಸ್ ಬಂದಿರ್ತಿದ್ದ."

ಟ್ರಕ್ಕು ಇದೆಯಲ್ಲ ಎಂದೆ. ಅವಳು ನನ್ನನ್ನೇ ನೋಡಿ, "ಅದು ಕೆಳಗಿನ ರಸ್ತೆ ತಿರುವಲ್ಲೇ ಹೂತು ನಿಂತಿದೆ. ನನ್ನ ಮಗ ನೋಡ್ಕೊಂಡು ಬಂದಿದ್ದಾನೆ. ಡ್ರೈವರು ನಡ್ಕೊಂಡು ಇಳೀತಾ ಇದ್ದ" ಎಂದಳು. ಎಂದರೆ ಡೇರೆಯೂ ಇಲ್ಲ, ಕಂಬಳಿಯೂ ಇಲ್ಲ. ಅಷ್ಟರಲ್ಲಿ ಅವಳ ಕಣ್ಣು ಬಾಗಿಲ ಪಕ್ಕದ ಗೂಟದ ಮೇಲೆ ಬಿತ್ತು.

"ಅದು ಯಾರ ಕೋಟು?"

ಶಾರ್ಲೀನ್, ಬೆಳಿಗ್ಗೆಯಿಂದ ನಾನು ಆ ಕೋಟಿನ ಎದುರಿಗೇ ಕೂತು ನಿನಗೆ ಬರೆಯುತ್ತಿದ್ದೇನೆ. ಸಿನಿಮಾ, ಜೆಲ್ಲಿ, ಬಿಸಿಲು ಎಲ್ಲವನ್ನೂ ಬರೆದೆ, ಕೋಟಿನ ವಿಷಯ ಮಾತ್ರ ಬರೆಯಲಿಲ್ಲ. ನಿನ್ನೆ ಹೊರಡುವಾಗ ಬ್ರಿನ್ ಅದನ್ನು ತೊಟ್ಟುಕೊಂಡೇ ಅಂಗಳಕ್ಕೆ ಬಂದಿದ್ದಳು. ನಿನ್ನಪ್ಪ, "ಏನಮ್ಮಾ, ಮಾರೆನ್ ನೈಲಾನ್ ಕೋಟು ಹಾಕ್ಕೊಂಡು ಬಂದಿದ್ಲಾ?" ಎಂದು ತಮಾಷೆ ಮಾಡಿದರು. ಹುಡುಗಿಯರು ಕಿಸಕ್ಕನೆ ನಕ್ಕರು. ಅವಳು ಕೆಂಪಾಗಿ, ಒಳಗೆ ಓಡಿ ಬಂದು ಅದನ್ನು ಗೂಟಕ್ಕೆ ಹಾಕಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. "ತಗೊಂಡು ಹೋಗೇ, ಗಾಡಿಯಲ್ಲಿ ಹಾಕ್ಕೋ" ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟು ಜನರ ಮುಂದೆ ನಿನ್ನಪ್ಪನ ಮಾತನ್ನು ಅಲ್ಲಗಳೆಯಲು ಆಗಲಿಲ್ಲ. ಬಿಸಿಲೂ ಇತ್ತು. ನನ್ನ ಉಣ್ಣೆ ಶಾಲೊಂದನ್ನು ಹೊದಿಸಿ ಕಳಿಸಿದೆ.

ಮಾರ್ವಾ ಕೋಟು ಇಳಿಸಿ ಜೇಬುಗಳನ್ನು ತಡವಿದಳು. ಒಂದರಲ್ಲಿ ಚ್ಯೂಯಿಂಗ್ ಗಮ್ ಇತ್ತು. ಇನ್ನೊಂದರಿಂದ ಬ್ರಿನ್‌ಳ ಪಂಪು ಹೊರಗೆ ಬಂತು. ನಾನು ಅಷ್ಟು ನಾಜೂಕಾಗಿ ಹೊಲಿದ ಒಳಜೇಬಿಗೆ ಅದನ್ನು ಸಾಗಿಸುವುದನ್ನು ಅವಳು ನಗೆಯ ಗಡಿಬಿಡಿಯಲ್ಲಿ ಮರೆತಿದ್ದಾಳೆ. ಮಾರ್ವಾ ಅದನ್ನು ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲಿ ಇಟ್ಟಳು.

ಆಮೇಲೆ ಅವಳು, "ಶಾರ್ಲೀನ್‌ಗೆ ಗೊತ್ತಾ?" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. "ಬರೀತಾ ಇದ್ದೀನಿ" ಎಂದೆ. ಅವಳು ಈ ಪುಟಗಳನ್ನು ನೋಡಿ, "ಬರೀತಾ ಇದ್ದೀಯಾ? ಅಯ್ಯೋ ನಿನ್ನ! ಫೋನು ಮಾಡೇ!" ಎಂದು ಕಿರುಚಿದಳು. ಅವಳು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು.

ಮಾಡಿದೆ. ನಿನ್ನ ಮನೆಯಲ್ಲಿ ಸಂದೇಶ ಹಿಡಿದಿಡುವ ಯಂತ್ರ ಮಾತಾಡಿತು. ಹೊಸ ಕೆಲಸದ ನಂಬರನ್ನು ನೀನು ಇನ್ನೂ ಕೊಟ್ಟಿಲ್ಲ. ಯಂತ್ರಕ್ಕೆ ನಾನು ಏನು ಹೇಳಿದೆನೋ ನೆನಪಿಲ್ಲ, ಅಳುತ್ತಿದ್ದೆ, ನಿನಗೆ ಕೇಳಿಸಿದರೆ ಸಾಕು. ಶೆರಿಫ್ ಕಚೇರಿಗೆ ಫೋನು ಮಾಡಿದೆ. ಹುಡುಕುವ ತಂಡದ ಗಂಡಸರೆಲ್ಲ ಬೇಟೆಗೆ ಹೋಗಿದ್ದಾರೆ, ಕರೆಸಿಕೊಳ್ಳುತ್ತಿದ್ದೇವೆ, ಹೊತ್ತು ಹಿಡಿಯುತ್ತದೆ ಎಂದಳು ಆ ಕಡೆಯ ಹುಡುಗಿ. ಬಿಷಪ್ ಅಂಗಡಿಯಲ್ಲಿರುವ ಸರಪಳಿಗಳನ್ನೆಲ್ಲ ಹೊರಗೆ ಹಾಕಿಸುತ್ತಿದ್ದಾರೆ. ಮಾರ್ವಾಳ ಮಗ ಬಂದ ದಾರಿಯಲ್ಲೇ ಮತ್ತೆ ಹೊರಡಲಿದ್ದಾನೆ, ಪಿಕಪ್ಪಿನ ಹಿಂದೆ ನಮ್ಮ ನೆಲಮಾಳಿಗೆಯ ಕೌದಿಗಳನ್ನು ತುಂಬುತ್ತಿದ್ದಾನೆ. ಆಪತ್ತಿಗೆ ಇರಲೆಂದು ವರ್ಷಗಟ್ಟಲೆ ಹೊಲಿದು ಹೊಲಿದು ಪೇರಿಸಿಟ್ಟ ಕೌದಿಗಳು ಇಷ್ಟಿದ್ದವು ಎಂದು ನನಗೇ ಮರೆತುಹೋಗಿತ್ತು.

ನಾನೂ ಅವನ ಜತೆ ಹೋಗುತ್ತೇನೆ. ಮೊಣಕಾಲು ಬೇಡ ಎಂದರೂ ಹೋಗುತ್ತೇನೆ. ಕೋಟು ನನ್ನ ಮಡಿಲಲ್ಲಿದೆ, ಪಂಪನ್ನು ಒಳಅಂಗಿಯಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡಿದ್ದೇನೆ, ತಣ್ಣಗಾಗದಿರಲಿ ಎಂದು. ಈ ಪುಟಗಳನ್ನು ಮಾರ್ವಾಳ ಕೈಗೆ ಕೊಟ್ಟು ಹೋಗುತ್ತೇನೆ. ಅವಳು ಈ ಮನೆಯಲ್ಲೇ ಫೋನಿನ ಪಕ್ಕ ಕೂತಿರುತ್ತಾಳೆ. ನೀನು ಫೋನು ಮಾಡಿದಾಗ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಾಳೆ, ಒಂದು ಸಾಲನ್ನೂ ಬಿಡಬಾರದೆಂದು ಹೇಳಿದ್ದೇನೆ. ಬೆಳಿಗ್ಗೆ ಬರೆದ ಪುಟಗಳನ್ನು ಹರಿದು ಹಾಕೋಣವೆನಿಸಿತು. ಹಾಗೇ ಬಿಟ್ಟಿದ್ದೇನೆ. ನಾನು ನಿನ್ನಿಂದ ಹೇಗೆ ಮರೆಮಾಚುತ್ತಾ ಕೂತಿದ್ದೆ ಎಂಬುದು ನಿನಗೆ ಗೊತ್ತಾಗಲಿ.

ನಿನ್ನಪ್ಪನನ್ನು ನೀನು ಎಷ್ಟು ಬೈದರೂ ನಾನು ಈ ಸಲ ಅಡ್ಡ ಬರುವುದಿಲ್ಲ. ಆದರೆ ಅವರಿಗೆ ಅವಳೆಂದರೆ ಪ್ರಾಣ, ಅದೂ ನಿನಗೆ ಗೊತ್ತಿರಲಿ.

ಪಿಕಪ್ಪಿನ ಹಾರ್ನ್ ಕೇಳಿಸುತ್ತಿದೆ. ನಮ್ಮ ಅಂಗಳದಲ್ಲೂ ಈಗ ಹಿಮ ಬೀಳುತ್ತಿದೆ.

ನಿನ್ನ ಕ್ಷಮೆಗೆ ಯೋಗ್ಯಳಲ್ಲದಿದ್ದರೂ ನಿನ್ನವಳೇ ಆದ,
ಅಮ್ಮ

ತಾ.ಕ.: ಕ್ಯಾಸೆಟ್ಟನ್ನು ಲಕೋಟೆಯಿಂದ ತೆಗೆದಿದ್ದೇನೆ. ನೀನು ಆ ಸಿನಿಮಾ ನೋಡಬೇಡ. ಮಾರೆನ್ ಬಂಡಿಯಲ್ಲಿ ಕಣ್ಣು ಬಿಡಲಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ತನ್ನ ಕಂಬಳಿಯನ್ನು ತಂಗಿಗೆ ಹೊದಿಸಿ ಮಲಗಿದಳು, ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ. ನಾನು ಬ್ರಿನ್‌ಳ ಕೊರಳಿಗೆ ಕಟ್ಟಿ ಕಳಿಸಿದ್ದು ಅವಳ ಹೆಸರು. ಅದೇ ವಯಸ್ಸು, ನಮ್ಮದೇ ರಕ್ತ, ನಿನ್ನಪ್ಪನಿಗೆ ಖುಷಿಯಾಗುತ್ತದೆ ಎಂದು ನಾನೇ ಆರಿಸಿದೆ. ಚೀಟಿಯ ಒಳಗೆ ನಿಜ ಬರೆಯಲು ಪೆನ್ನು ಹಿಡಿದೆ, ಕೈ ಬರಲಿಲ್ಲ. ಸಿನಿಮಾದಲ್ಲಿದ್ದ ಹಾಗೆ, "ಕ್ಷೇಮವಾಗಿ ಕಣಿವೆ ತಲುಪಿ ಅಮ್ಮನನ್ನು ಸೇರಿದಳು" ಎಂದು ಬರೆದು ಅಂಟಿಸಿಬಿಟ್ಟೆ. ಈ ದಿನ ಸಂಜೆ ಅವಳು ಅದನ್ನು ಬಿಡಿಸಿ ಓದಬೇಕು. ಓದುತ್ತಾಳೆಂದು ಹೇಳು ಶಾರ್ಲೀನ್. ಅವಳ ಅಮ್ಮ ಎಲ್ಲಿದ್ಲು ಎಂದು ನೀನು ಪ್ರತಿ ವರ್ಷ ಕೇಳುತ್ತಿದ್ದೆಯಲ್ಲ, ಈ ಸಲ ಅವಳ ಅಮ್ಮನಿಗೆ ನಾನು ಹೇಳಿರಲಿಲ್ಲ.